ಛತ್ರಿಯ ಹಿಂದೆ ಬಂದವರು

"ಎಡಕ್ಕೆ ವಾಲಿಸಿ, ಎಡಕ್ಕೆ! ಅಯ್ಯೋ, ನಿಮ್ಮ ಎಡ ಅಲ್ಲ, ನನ್ನ ಎಡ!"

ಬಾವುಟದಮ್ಮ ಬೀದಿಬಾಗಿಲಲ್ಲಿ ನಿಂತು ಕೂಗುತ್ತಿದ್ದಳು. ಒಳಗೆ ಇಕ್ಕಟ್ಟಾದ ಓಣಿಯಲ್ಲಿ ನಾಲ್ವರು ಗಂಡಸರು ಅವಳ ಗಂಡನ ಶವಪೆಟ್ಟಿಗೆ ಹೊತ್ತುಕೊಂಡು, ಮುಂದಕ್ಕೂ ಬರಲಾರದೆ ಹಿಂದಕ್ಕೂ ಹೋಗಲಾರದೆ ಸಿಕ್ಕಿಕೊಂಡಿದ್ದರು. ಓಣಿಯ ಒಂದು ಬದಿಗೆ ಹಳೇ ಹಡಗಿನ ರಾಟೆ, ಇನ್ನೊಂದು ಬದಿಗೆ ತುಕ್ಕು ಹಿಡಿದ ಲಂಗರಿನ ಮುರಿದ ಕೊಂಬು, ನೆಲದ ಮೇಲೆ ಮೂರು ಫಿರಂಗಿ ಗುಂಡು. ಎಲ್ಲ ಅವನೇ ತಂದು ಪೇರಿಸಿದ್ದು.

"ಬದುಕಿದ್ದಾಗ ನಮ್ಮನ್ನ ಓಡಾಡೋಕೆ ಬಿಡ್ಲಿಲ್ಲ. ಈಗ ನೋಡಿ, ತಮಗೇ ದಾರಿ ಇಲ್ಲ" ಎಂದು ಅವಳು ಪೆಟ್ಟಿಗೆಗೇ ಹೇಳಿದಳು.

"ಅಮ್ಮಾ, ಈ ಗುಂಡುಗಳನ್ನ ಒಂಚೂರು ಆಚೆ ತಳ್ಳಿದ್ರೆ..." ಮುಂದಿನ ಮೂಲೆ ಹಿಡಿದವನು ಏದುಸಿರು ಬಿಟ್ಟ. ಸತ್ತವನನ್ನು ಊರೆಲ್ಲ ಗೈಡಣ್ಣ ಅನ್ನುತ್ತಿತ್ತು. ಅವನ ಹಾಗೆ ಇವನೂ ಬಂದರಿನ ಗೈಡು. ಹೊತ್ತ ನಾಲ್ವರೂ ಗೈಡುಗಳೇ. ಇವನ ದನಿ ಮೂರು ಬೀದಿಗೆ ಕೇಳುವುದರಿಂದ ಫಿರಂಗಿ ಅಂತಲೇ ಕರೆಯುತ್ತಿದ್ದರು.

"ತಳ್ಳಿ. ಒದ್ದರೂ ಪರವಾಗಿಲ್ಲ. ಮುನ್ನೂರು ವರ್ಷದ್ದು ಅಂತ ಎದೆಗೆ ಅವಚಿಕೊಂಡು ತಂದಿದ್ರು. ಗುಜರಿಯವನ ತಕ್ಕಡಿಯ ತೂಕದ ಗುಂಡು ಅದು."

ಮಗಳು ಬಗ್ಗಿ ಒಂದೊಂದಾಗಿ ಗುಂಡುಗಳನ್ನು ಅಡುಗೆಮನೆಯ ಕಡೆ ಉರುಳಿಸಿದಳು. ಅವಳು ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವವಳು. ಏನು ಮಾಡಿದರೂ ಜತೆಗೊಮ್ಮೆ ಗಡಿಯಾರ ನೋಡುತ್ತಿದ್ದಳು. "ಮೂರೂ ಹತ್ತು ಅಮ್ಮ."

"ಗೊತ್ತು ಕಣೇ, ನನಗೂ ಕಣ್ಣಿದೆ."

ಸ್ಮಶಾನ ಇದ್ದದ್ದು ಕಾಲುವೆಯ ಆಚೆ ದಡದಲ್ಲಿ. ನಡುವೆ ಎತ್ತುವ ಸೇತುವೆ. ನಾಲ್ಕು ಗಂಟೆಗೆ ನೌಕಾಪಡೆಯ ಹಡಗೊಂದು ಒಳಗೆ ಬರುವುದಿತ್ತು. ಆಗ ಸೇತುವೆ ಎತ್ತಿದರೆ ಮತ್ತೆ ಇಳಿಸುವುದು ಅವರ ಮರ್ಜಿ. ಗುಂಡಿ ತೋಡುವವರು ಐದೂವರೆ ಆಯಿತೆಂದರೆ ಗುದ್ದಲಿ ತೊಳೆದಿಟ್ಟು ಮನೆಗೆ ಹೊರಡುವ ಜನ. ಮನೆಯಿಂದ ಸೇತುವೆಗೆ ಅರ್ಧ ಗಂಟೆ ದಾರಿ. ಎಲ್ಲೂ ನಿಲ್ಲದೆ ಹೋದರೆ ಬೇಕಾದಷ್ಟು ಹೊತ್ತಿತ್ತು.

ಎಲ್ಲೂ ನಿಲ್ಲಕೂಡದು. ಅದನ್ನು ಅವಳು ಹಿಂದಿನ ದಿನವೇ ಎಲ್ಲರಿಗೂ ಹೇಳಿಯಾಗಿತ್ತು. ಹಿಂದಿನ ಬೀದಿಯಲ್ಲಿ ಹೋಗಬೇಕು, ಊರು ನೋಡಲು ಬಂದವರ ದಾರಿಯಲ್ಲಿ ಅಲ್ಲ. "ನಲವತ್ತೊಂದು ವರ್ಷ ಕಂಡಕಂಡವರಿಗೆಲ್ಲ ಊರು ತೋರಿಸ್ಕೊಂಡು ತಿರುಗಿದ ಮನುಷ್ಯ. ಮಗಳು ಹುಟ್ಟಿದ ದಿನ ಮೂವತ್ತು ಜನರನ್ನ ಕರ್ಕೊಂಡು ದೀಪಸ್ತಂಭ ಹತ್ತಿದ್ರು. ಇವತ್ತೊಂದು ದಿನ ನಮ್ಮ ಮನೆಯವರಾಗಿರ್ಲಿ. ಬರೀ ನಮ್ಮ ಮನೆಯವರು."

ಇನ್ನೊಂದು ಕೆಲಸವೂ ಇತ್ತು. ಅವಳ ಕಂಕುಳಲ್ಲಿ ಅವನ ಛತ್ರಿ ಇತ್ತು, ಅರ್ಧ ಬಿಳಿ, ಅರ್ಧ ಕೆಂಪು. ಪೆಟ್ಟಿಗೆಯೊಳಗೆ ಇಡೋಣವೆಂದರೆ ಮರೆತು ಮೊಳೆ ಹೊಡೆದುಬಿಟ್ಟಿದ್ದರು. ಗುಂಡಿಗೆ ಅವನ ಮೇಲೆಯೇ ಹಾಕಿಬಿಡುವುದೆಂದು ತೀರ್ಮಾನಿಸಿದ್ದಳು. ಅದು ಮನೆಯಲ್ಲಿದ್ದರೆ ದಿನಾ ಬಾಗಿಲ ಹಿಂದಿನಿಂದ ಅವಳನ್ನು ನೋಡುತ್ತಿರುತ್ತದೆ.

ಪೆಟ್ಟಿಗೆ ಕಡೆಗೂ ಹೊರಗೆ ಬಂತು. ಓಣಿಗಳಿಗೆ ವ್ಯಾನು ನುಗ್ಗುವುದಿಲ್ಲ. ಹಡಗುಕಟ್ಟೆಯಿಂದ ನಾಲ್ಕು ಚಕ್ರದ ಕೈಗಾಡಿ ತಂದಿದ್ದರು. ಪೆಟ್ಟಿಗೆಯನ್ನು ಗಾಡಿಯ ಮೇಲಿಟ್ಟು ಹಿಂದಿನ ಬೀದಿಯ ತಿರುವಿಗೆ ಬಂದರೆ ಬೀದಿಯೇ ಇರಲಿಲ್ಲ. ಆಳುದ್ದ ಗುಂಡಿ, ಅದರಾಚೆ ಮಣ್ಣಿನ ರಾಶಿ, ರಾಶಿಯ ಮೇಲೆ ಕೂತು ಬೀಡಿ ಸೇದುತ್ತಿದ್ದ ನೀರಿನ ಪೈಪಿನ ಕೆಲಸದವರು.

"ನಿನ್ನೆ ಇರ್ಲಿಲ್ಲವಲ್ಲ ಇದು!"

"ಇವತ್ತು ಬೆಳಿಗ್ಗೆ ಅಗೆದದ್ದು ತಾಯಿ. ನಾಳಿದ್ದು ಮುಚ್ಚಿಬಿಡ್ತೀವಿ."

"ನಾಳಿದ್ದರ ತನಕ ಇವರನ್ನ ಗಾಡಿ ಮೇಲೆ ಇಟ್ಕೊಂಡು ಕೂತಿರ್ಲಾ?"

ಪೈಪಿನವನು ಪೆಟ್ಟಿಗೆ ಕಂಡು ಬೀಡಿ ಎಸೆದು ಎದ್ದು ನಿಂತ. ಬೇರೆ ದಾರಿ ಒಂದೇ. ಲಂಗರಿನ ಚೌಕ, ಹಗ್ಗದ ಮನೆ, ಒಣಕಟ್ಟೆ, ಸೇತುವೆ. ನಲವತ್ತೊಂದು ವರ್ಷ ದಿನಕ್ಕೆರಡು ಸಲ ಅವನು ನಡೆದ ದಾರಿ.

"ಹೋಗ್ಲಿ ಬಿಡಮ್ಮ" ಎಂದಳು ಮಗಳು. "ಛತ್ರಿ ಬಿಚ್ಚು. ಕಣ್ಣಿನ ಆಪರೇಷನ್ ಆಗಿ ಹದಿನೈದು ದಿನ ಆಗಿಲ್ಲ, ಬಿಸಿಲು ನೋಡಬೇಡ ಅಂತ ಡಾಕ್ಟರು ಬಡ್ಕೊಂಡಿದಾರೆ."

ಬಾವುಟದಮ್ಮ ಗೊಣಗುತ್ತ ಛತ್ರಿ ಬಿಚ್ಚಿ, ಗಾಡಿಯ ಮುಂದೆ ನಡೆದಳು.

*

ಅವಳ ಹೆಸರು ಬಾವುಟದಮ್ಮ ಆದದ್ದು ಕೆಲಸದಿಂದ. ಹಡಗುಕಟ್ಟೆಯ ಬಾವುಟದ ಅಟ್ಟದಲ್ಲಿ ಮೂವತ್ತೆರಡು ವರ್ಷ ಹೊಲಿಗೆ ಹಾಕಿದವಳು. ಉದ್ದನೆಯ ಅಟ್ಟ, ಇಪ್ಪತ್ತು ಮಿಷನ್ನು. ಹಡಗು ಹಡಗಿಗೆ ಮಾತಾಡಲು ಹಾರಿಸುವ ಬಾವುಟಗಳೆಲ್ಲ ಅಲ್ಲಿ ತಯಾರಾಗುತ್ತಿದ್ದವು. ಯಾವ ಬಣ್ಣಕ್ಕೆ ಯಾವ ಮಾತು ಎಂದು ಅವಳಿಗೆ ಬಾಯಿಪಾಠ.

ಮದುವೆಯಾದ ಹೊಸತು. ಒಂದು ಮಧ್ಯಾಹ್ನ ಗಂಡ ಅಟ್ಟದ ಕಿಟಕಿಯ ಕೆಳಗೆ ಬಂದು ನಿಂತ. ಮುಖ ಸಪ್ಪೆ.

"ನನ್ನ ಜನ ಕಳೆದುಹೋದ್ರು."

"ಎಷ್ಟು ಜನ?"

"ಹದಿನೇಳು. ಈ ಊರಲ್ಲಿ ಎಲ್ಲರ ಹತ್ರಾನೂ ಕಪ್ಪು ಛತ್ರಿ. ನಾನು ಹಗ್ಗದ ಮನೆಗೆ ತಿರುಗಿದ್ರೆ ಅವರು ಯಾರೋ ಡಾಕ್ಟರ ಛತ್ರಿ ಹಿಂದೆ ಹೆರಿಗೆ ಆಸ್ಪತ್ರೆಗೆ ಹೋಗಿದಾರೆ."

ಅಟ್ಟದ ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಅವಳಿಗೆ ನಾಚಿಕೆಯೂ ಆಯಿತು, ಸಿಟ್ಟೂ ಬಂತು. ಅಂದೇ ಅವನ ಛತ್ರಿಯ ಬಟ್ಟೆ ಕಿತ್ತು, ಅಟ್ಟದಲ್ಲಿ ಉಳಿದ ತುಂಡುಗಳಿಂದ ಹೊಸದು ಹೊಲಿದಳು. ಅರ್ಧ ಬಿಳಿ, ಅರ್ಧ ಕೆಂಪು. ಹಡಗಿನಲ್ಲಿ ಆ ಬಾವುಟ ಹಾರಿದರೆ ಒಂದೇ ಮಾತು: ದಾರಿ ಬಲ್ಲವನು ನಮ್ಮಲ್ಲಿದ್ದಾನೆ. ಬಾವುಟದ ಬಟ್ಟೆಯಾದ್ದರಿಂದ ಮಳೆಗೆ ಜರಡಿಯ ಹಾಗೆ ಸೋರುತ್ತಿತ್ತು. ಅವನು ನೆನೆದುಕೊಂಡೇ ತಿರುಗಿದ. ಒಬ್ಬರೂ ಮತ್ತೆ ಕಳೆದುಹೋಗಲಿಲ್ಲ.

ಒಂದು ದಿನ ಅವನು ಮರೆತುಹೋದ ಊಟದ ಡಬ್ಬಿ ಕೊಡಲು ಲಂಗರಿನ ಚೌಕಕ್ಕೆ ಹೋದಳು. ಅವನು ಛತ್ರಿ ಎತ್ತಿ ಹಿಡಿದು ಜನಕ್ಕೆ ಹೇಳುತ್ತಿದ್ದ: "ಇನ್ನೂರು ವರ್ಷದ ಹಿಂದೆ ಮುಳುಗಿದ ಹಡಗಿನ ಮೇಲೆ ಕಡೇ ಗಳಿಗೆಯವರೆಗೂ ಹಾರಿದ ಬಾವುಟದ ಬಟ್ಟೆ ಇದು!"

ಮನೆಗೆ ಬಂದ ಮೇಲೆ ಕೇಳಿದಳು. ಅವನು ಕೈ ತೊಳೆಯುತ್ತ ಹೇಳಿದ, "ನನ್ನ ಹೆಂಡ್ತಿ ಹೊಲಿದಳು ಅಂದ್ರೆ ಯಾರು ಫೋಟೋ ತೆಗೀತಾರೆ ಮಾರಾಯ್ತಿ?"

ಅವಳು ಒಂಬತ್ತು ದಿನ ಮಾತು ಬಿಟ್ಟಳು. ಮಾತು ಬಿಟ್ಟಿದ್ದಾಳೆಂದು ಅವನಿಗೆ ಗೊತ್ತಾದದ್ದು ಆರನೇ ದಿನ.

*

ಚೌಕದ ದೊಡ್ಡ ಲಂಗರಿನ ಸುತ್ತ ಜನ ನಿಂತಿದ್ದರು. ಕುತ್ತಿಗೆಗೆ ಕ್ಯಾಮೆರಾ, ತಲೆಗೆ ಟೋಪಿ, ಕೈಯಲ್ಲಿ ನೀರಿನ ಬಾಟಲಿ. ಇಪ್ಪತ್ತೆರಡು ಜನ.

ಮಗಳು ಹಲ್ಲು ಕಚ್ಚಿದಳು. "ಅಮ್ಮ. ಮೂರು ಗಂಟೆಯ ಟೂರು."

"ಬರಬೇಡಿ ಅಂತ ಯಾರೂ ಹೇಳ್ಲಿಲ್ವಾ ಅವರಿಗೆ?"

"ಯಾರು ಬರ್ತಾರೆ ಅಂತ ನಮಗೇನು ಗೊತ್ತು? ಅಪ್ಪ ಬರೆದಿಡೋ ಪುಸ್ತಕ ಎಲ್ಲಿ?"

ಪುಸ್ತಕ ಅವನ ಕೋಟಿನ ಒಳಜೇಬಿನಲ್ಲಿತ್ತು. ಕೋಟು ಅವನ ಮೈಮೇಲೆ. ಅವನು ಪೆಟ್ಟಿಗೆಯಲ್ಲಿ. ಪೆಟ್ಟಿಗೆಗೆ ಹದಿನಾರು ಮೊಳೆ. ಜೇಬು ನೋಡದೆ ಕೋಟು ತೊಡಿಸಿದವಳು ತಾನೇ ಎಂದು ನೆನಪಾಗಿ ಬಾವುಟದಮ್ಮನ ಸಿಟ್ಟು ಇನ್ನಷ್ಟು ಏರಿತು.

"ಬಂತು, ಬಂತು! ಛತ್ರಿ ಬಂತು!" ಎಂದ ಟೋಪಿಯವನೊಬ್ಬ. ಜನ ಚೀಲ ಹೆಗಲಿಗೇರಿಸಿದರು.

ಫಿರಂಗಿ ಗಾಡಿ ಬಿಟ್ಟು ಓಡಿದ. ಅವನು ಗುಟ್ಟಾಗಿ ಹೇಳಲು ಹೋದದ್ದು ಚೌಕಕ್ಕೆಲ್ಲ ಕೇಳಿಸಿತು. "ಇವತ್ತು ಟೂರ್ ಇಲ್ಲ! ತಪ್ಪು ತಿಳೀಬೇಡಿ, ವಾಪಸ್ ಹೋಗಿ!"

"ಇಲ್ಲ ಅಂದ್ರೆ? ಛತ್ರಿ ಅಲ್ಲೇ ಇದೆಯಲ್ಲ!" ಟೋಪಿಯವನು ಒಂದು ಚೀಟಿ ತೋರಿಸಿದ. ಗೈಡಣ್ಣನ ಗುಂಡು ಅಕ್ಷರ. *ಕೆಂಪು ಬಿಳಿ ಛತ್ರಿ ಕಂಡರೆ ಹಿಂದೆ ಬನ್ನಿ. ಮಧ್ಯೆ ಯಾರು ಏನು ಹೇಳಿದರೂ ಕೇಳಬೇಡಿ, ಬೇರೆ ಗೈಡುಗಳು ನಿಮ್ಮನ್ನು ಎಳೆದುಕೊಳ್ಳಲು ನೋಡುತ್ತಾರೆ.*

ಫಿರಂಗಿ ಎರಡು ಸಲ ಓದಿದ. "ಛೆ, ಇದು ನನ್ನ ಬಗ್ಗೆಯೇ ಬರೆದದ್ದು."

"ಬರ್ತೀಯೋ, ಇಲ್ಲ ಗಾಡಿ ನಾನೇ ತಳ್ಳಲೋ?" ಎಂದು ಬಾವುಟದಮ್ಮ ಕೂಗಿದಳು. ಅವಳು ನಿಲ್ಲಲಿಲ್ಲ. ನಡೆದೇ ನಡೆದಳು. ಹಿಂದೆ ಗಾಡಿ, ಗಾಡಿಯ ಹಿಂದೆ ಇಪ್ಪತ್ತೆರಡು ಜನ. ಹಳೇ ಕಾಲದ ನಾವಿಕರ ಶವಯಾತ್ರೆಯನ್ನು ಆಡಿ ತೋರಿಸುತ್ತಿದ್ದಾರೆಂದು ಅವರ ಎಣಿಕೆ. ಒಬ್ಬಳು ಚಪ್ಪಾಳೆಯನ್ನೂ ತಟ್ಟಿದಳು.

ಹಗ್ಗದ ಮನೆಯ ಮುಂದೆ ಗಾಡಿ ತಾನಾಗಿ ನಿಂತಿತು.

"ಏನಾಯ್ತು? ಚಕ್ರ ಕಳಚ್ತಾ?"

ನಾಲ್ವರು ಗೈಡುಗಳೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಇಲ್ಲಮ್ಮ" ಎಂದ ಫಿರಂಗಿ, ತಪ್ಪು ಮಾಡಿದವನ ಹಾಗೆ. "ಇಲ್ಲಿ ನಿಲ್ತೀವಲ್ಲ ದಿನಾ... ಕಾಲು ತಾನಾಗೇ ನಿಂತ್ಕೊಳ್ತು."

ಅಷ್ಟರಲ್ಲಿ ಹಿಂದಿನಿಂದ ಯಾರೋ ಕೇಳಿದರು, "ಈ ಕಟ್ಟಡ ಯಾಕೆ ಇಷ್ಟು ಉದ್ದ?" ಫಿರಂಗಿಯ ಬಾಯಿ ತಡೆಯಲಿಲ್ಲ. "ಹಗ್ಗ ಹೊಸೆಯೋಕೆ ಸ್ವಾಮಿ! ಹಗ್ಗ ಎಷ್ಟು ಉದ್ದವೋ ಮನೆ ಅಷ್ಟು ಉದ್ದ. ಒಂದು ತುದೀಲಿ ಕೆಮ್ಮಿದ್ರೆ ಇನ್ನೊಂದು ತುದೀಲಿ..."

"ಫಿರಂಗೀ!"

ಗಾಡಿ ಹೊರಟಿತು. ಒಣಕಟ್ಟೆಯ ಹತ್ತಿರ ಬಂದಾಗ ಮೂರೂ ನಲವತ್ತು. ನೀರು ಖಾಲಿ ಮಾಡಿ ಹಡಗು ರಿಪೇರಿ ಮಾಡುವ ಆ ದೊಡ್ಡ ಕಲ್ಲಿನ ಹೊಂಡದ ಬಳಿ ಮ್ಯೂಸಿಯಮ್ಮಿನ ಗುಮಾಸ್ತ ಕಾಯುತ್ತಿದ್ದ. ಒಣಕಲು ಮನುಷ್ಯ, ಕಪ್ಪು ಟೈ. ಯಾರು ಇಸವಿ ತಪ್ಪು ಹೇಳಿದರೂ ತಡೆದು ಸರಿಮಾಡುವುದರಿಂದ ಅವನ ಹೆಸರು ತಿದ್ದುಪಡಿ. ಗೈಡಣ್ಣನಿಗೂ ಅವನಿಗೂ ಇಪ್ಪತ್ತು ವರ್ಷದ ಜಗಳ.

ಗಾಡಿ ಮತ್ತೆ ನಿಂತಿತು. ನಿಂತದ್ದು ಗೋಡೆಯಲ್ಲಿ ಹೂತ ಗುಂಡಿನ ಮುಂದೆ.

"ಇದು ಶತ್ರುಗಳ ಫಿರಂಗಿ ಗುಂಡು..." ಎಂದು ನಾಲ್ವರಲ್ಲಿ ಯಾರೋ ಶುರು ಮಾಡಿಬಿಟ್ಟರು.

"ಅಲ್ಲ" ಎಂದ ತಿದ್ದುಪಡಿ. "ಗುಂಡಲ್ಲ ಅದು, ಹಗ್ಗ ಕಟ್ಟೋ ಗೂಟದ ತಲೆ. ಸಾವಿರ ಸಲ ಹೇಳಿದೀನಿ ಅವನಿಗೆ. ಸಾವಿರ ಸಲ!" ಎಂದವನೇ ಕರವಸ್ತ್ರ ತೆಗೆದು ಜೋರಾಗಿ ಮೂಗು ಒರೆಸಿದ. "ಮೊನ್ನೆ ಮೊನ್ನೆ ಕೂಡ ಹೇಳಿದ್ದೆ. ಕೇಳಲೇ ಇಲ್ಲ."

"ನಮ್ಮ ಮಾತು ಕೇಳಿದ್ರಾ, ನಿಮ್ಮದು ಕೇಳೋಕೆ?" ಎಂದಳು ಬಾವುಟದಮ್ಮ. "ಅಳೋದಿದ್ರೆ ಸೇತುವೆ ದಾಟಿ ಅಳಿ. ತಳ್ಳಿ ಗಾಡಿ!"

ಓಡುವ ಹಾಗೆ ನಡೆದರು. ಕಲ್ಲುಹಾಸಿನ ಮೇಲೆ ಚಕ್ರಗಳು ಲಟಲಟ ಸದ್ದು ಮಾಡಿದವು. ಕಾಲುವೆಯ ದಂಡೆಗೆ ಬಂದು ತಲುಪಿದಾಗ ಗಂಟೆ ಹೊಡೆಯಿತು. ಅವರ ಕಣ್ಣೆದುರೇ ಸೇತುವೆ ನಡುವೆ ಬಿರಿದು, ಎರಡು ಕೈ ಎತ್ತಿದ ಹಾಗೆ ನಿಧಾನವಾಗಿ ಮೇಲೆದ್ದಿತು.

ಬಾವುಟದಮ್ಮ ದಂಡೆಯ ಕಲ್ಲಿನ ಮೇಲೆ ಕೂತುಬಿಟ್ಟಳು.

"ಒಂದು ದಿನ ಕೇಳಿದ್ದೆ" ಎಂದಳು ಪೆಟ್ಟಿಗೆಗೆ. "ಒಂದೇ ಒಂದು ದಿನ. ಅದಕ್ಕೂ ಜಾತ್ರೆ ಸೇರಿಸ್ಕೊಂಡ್ರಲ್ಲ."

*

ಅವನು ಹಡಗು ಹತ್ತಿದವನೇ ಅಲ್ಲ. ನೀರು ಕಂಡರೆ ತಲೆ ತಿರುಗುತ್ತಿತ್ತು. ದೋಣಿಯಲ್ಲಿ ಕಾಲಿಟ್ಟರೆ ವಾಂತಿ. ಹಡಗಿನ ಕತೆ ಹೇಳಿಕೊಂಡೇ ಬದುಕಿದ. ಮನೆಯಲ್ಲಿ ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಎಲ್ಲ ಮಾತು ಹೊರಗೇ ಖರ್ಚಾಗಿ ಬರುತ್ತಿತ್ತು.

ಅವಳು ನಿವೃತ್ತಳಾದ ವರ್ಷ ಕೇಳಿದಳು, "ನನಗೂ ಒಮ್ಮೆ ಊರು ತೋರಿಸಿ."

"ಹುಟ್ಟಿ ಬೆಳೆದವಳು ನೀನು. ನಿನಗೆ ನಾನೇನು ತೋರಿಸ್ಲಿ?"

ಮಾರನೇ ದಿನ ಅವಳೇ ಹೋಗಿ ಗುಂಪಿನ ಕೊನೆಯಲ್ಲಿ ಸೇರಿಕೊಂಡಳು. ಅವನು ನೋಡಿದ, ಗುರುತು ಇಲ್ಲದವನ ಹಾಗೆ ಛತ್ರಿ ಎತ್ತಿ ಹೊರಟ. ಆಗಷ್ಟೇ ಅವಳ ಮಂಡಿ ನೋವು ಶುರುವಾಗಿತ್ತು. ಒಂದು ಸಲವೂ ತಿರುಗಿ ನೋಡಲಿಲ್ಲ, ಬಾ ಎನ್ನಲಿಲ್ಲ, ಕೂತುಕೋ ಎನ್ನಲಿಲ್ಲ. ಅವನ ಬೆನ್ನು ನೋಡಿಕೊಂಡು ಬೈಯುತ್ತ ಬೈಯುತ್ತ ನಡೆದಳು. ಮುಗಿದಾಗ ಜನ ಗೊಣಗುತ್ತಿದ್ದರು: ಒಂದೂವರೆ ಗಂಟೆ ಅಂತ ಹೇಳಿದ್ದರು, ಎರಡೂಕಾಲು ಗಂಟೆ ಆಯಿತಲ್ಲ, ರೈಲಿಗೆ ಹೊತ್ತಾಯಿತು.

ರಾತ್ರಿ ಊಟಕ್ಕೆ ಕೂತಾಗ ಕೇಳಿದಳು, "ಒಂದ್ಸಲನಾದ್ರೂ ತಿರುಗಿ ನೋಡಬಾರದಾ?"

"ಮುಂದೆ ಹೋಗೋನು ತಿರುಗಿ ನೋಡಬಾರದು. ನೋಡಿದ್ರೆ ಹಿಂದಿನವರು ನಿಂತುಬಿಡ್ತಾರೆ." ತಟ್ಟೆಯ ಕಡೆ ನೋಡುತ್ತಲೇ ಹೇಳಿದ. "ಹೆಜ್ಜೆ ಕೇಳಿಸ್ಕೋಬೇಕು. ಯಾರ ಕಾಲು ನೋಯ್ತಿದೆಯೋ ಅವರ ಹೆಜ್ಜೆಗೆ ನಡೀಬೇಕು."

ಅವಳಿಗೆ ಅರ್ಥವಾಗಲು ಪಾತ್ರೆ ತೊಳೆದು ಮುಗಿಯಬೇಕಾಯಿತು. ಅಷ್ಟರಲ್ಲಿ ಅವನು ಗೊರಕೆ ಹೊಡೆಯುತ್ತಿದ್ದ.

*

ಹಡಗು ಬಂತು. ಬೂದು ಬಣ್ಣ, ಮನೆಗಳಿಗಿಂತ ಎತ್ತರ. ಇಪ್ಪತ್ತೊಂದು ಜನ ದಂಡೆಯ ಅಂಚಿಗೆ ಓಡಿ ಫೋಟೋ ತೆಗೆಯತೊಡಗಿದರು. ಒಬ್ಬ ಮುದುಕಿ ಮಾತ್ರ, ಕೋಲು ಊರಿಕೊಂಡು, ಹಿಂದೆಯೇ ಉಳಿದಳು. ಅವಳು ಪೆಟ್ಟಿಗೆ ನೋಡಿದಳು, ಮಗಳ ಕೆಂಪಾದ ಕಣ್ಣು ನೋಡಿದಳು, ತಲೆಯ ಟೋಪಿ ತೆಗೆದಳು.

"ಇದು ನಾಟಕ ಅಲ್ಲ, ಅಲ್ವಾ?"

"ಅಲ್ಲ" ಎಂದಳು ಮಗಳು. "ನಮ್ಮಪ್ಪ. ನಿಮ್ಮ ಗೈಡು."

ಸುದ್ದಿ ಒಬ್ಬರಿಂದೊಬ್ಬರಿಗೆ ದಾಟಿತು. ಟೋಪಿಗಳು ಇಳಿದವು. ಚಪ್ಪಾಳೆ ತಟ್ಟಿದವಳು ಕೈ ಹಿಂದಕ್ಕೆ ಕಟ್ಟಿಕೊಂಡಳು. ಹೊರಟುಹೋಗುತ್ತಾರೆ ಎಂದುಕೊಂಡಳು ಬಾವುಟದಮ್ಮ. ಯಾರೂ ಕದಲಲಿಲ್ಲ. ಇಷ್ಟು ದೂರ ಬಂದು ನಡುವೆ ಬಿಟ್ಟು ಹೋಗಲು ಸಂಕೋಚ, ಮತ್ತೆ ವಾಪಸ್ ದಾರಿಯೂ ಅವರಿಗೆ ತಿಳಿಯದು.

ಕೋಲಿನ ಮುದುಕಿ ಬಂದು ಅವಳ ಪಕ್ಕದ ಕಲ್ಲಿನ ಮೇಲೆ ಕೂತಳು. ಸುಮ್ಮನಿರಲು ಆಗದೆ ಕೇಳಿದಳು, "ಈ ಛತ್ರಿ, ಮುಳುಗಿದ ಹಡಗಿನ ಬಾವುಟದ್ದಂತೆ?"

ತಿದ್ದುಪಡಿ ಬಾಯಿ ತೆರೆದ. ಫಿರಂಗಿ ಅವನ ಕಾಲು ತುಳಿದ.

"ಸುಳ್ಳು" ಎಂದಳು ಬಾವುಟದಮ್ಮ. "ನಾನು ಹೊಲಿದದ್ದು. ಹಡಗುಕಟ್ಟೆ ಅಟ್ಟದಲ್ಲಿ, ಊಟದ ಬಿಡುವಿನಲ್ಲಿ. ಇವರ ಜನ ಹೆರಿಗೆ ಆಸ್ಪತ್ರೆ ಸೇರಿದ್ರು, ಅದಕ್ಕೆ."

ಎಲ್ಲ ಹೇಳಿದಳು. ಡಾಕ್ಟರ ಛತ್ರಿ, ಹದಿನೇಳು ಜನ, ಸೋರುವ ಬಟ್ಟೆ, ಒಂಬತ್ತು ದಿನ, ಆರನೇ ದಿನ. ಹೇಳುತ್ತ ಹೇಳುತ್ತ ಅವಳ ದನಿ ಏರಿತು, ಬೈಗುಳಗಳು ಸೇರಿದವು, ಮುದುಕಿ ನಗು ತಡೆಯಲಾರದೆ ಬಾಯಿಗೆ ಸೆರಗು ಒತ್ತಿಕೊಂಡಳು. ಆಮೇಲೆ ಛತ್ರಿಯ ಅಂಚನ್ನು ಬೆರಳಲ್ಲಿ ಹಿಡಿದು ನೋಡಿದಳು.

"ಎರಡು ಸಾಲು ಹೊಲಿಗೆ."

"ಗಾಳಿಗೆ ಹರೀಬಾರದಲ್ಲ. ಬಾವುಟಕ್ಕೆ ಹಾಗೇ ಹಾಕೋದು."

ಮುದುಕಿ ಚೀಲದಿಂದ ಫೋನು ತೆಗೆದು, ಹಡಗಿಗೆ ಬೆನ್ನು ಮಾಡಿ ನಿಂತು, ಹೊಲಿಗೆಯ ಫೋಟೋ ತೆಗೆದಳು. ಬಾವುಟದಮ್ಮ ತಟ್ಟನೆ ಗಾಡಿಯ ಕಡೆ ತಿರುಗಿದಳು, ಏನೋ ಹೇಳುವವಳ ಹಾಗೆ. ಕನ್ನಡಕ ತೆಗೆದು ಒರೆಸಿಕೊಂಡಳು.

"ಕಣ್ಣು ಉಜ್ಜಬೇಡಮ್ಮ, ಆಪರೇಷನ್ ಆಗಿದೆ" ಎಂದಳು ಮಗಳು.

"ಬಾಯಿ ಮುಚ್ಚೇ."

ಸೇತುವೆ ಇಳಿದದ್ದು ನಾಲ್ಕೂ ನಲವತ್ತೈದಕ್ಕೆ. ಸ್ಮಶಾನ ತಲುಪಿದಾಗ ಗುಂಡಿಯವರು ಗಡಿಯಾರ ನೋಡುತ್ತ ನಿಂತಿದ್ದರು. ಆರೇಳು ಜನ ಅಂದಿದ್ದಿರಿ, ಇದೇನು ದಂಡು ಎಂದು ಒಬ್ಬ ಕೇಳಿದ. ಪೆಟ್ಟಿಗೆ ಇಳಿಯಿತು, ಹದಿನಾರು ಮೊಳೆಗಳೂ, ಕೋಟೂ, ಕೋಟಿನೊಳಗೆ ಮುಂದಿನ ತಿಂಗಳವರೆಗಿನ ಹೆಸರುಗಳೂ. ಮಗಳು ಮಣ್ಣು ಹಾಕಿದಳು. ತಿದ್ದುಪಡಿ ಹಾಕಿದ, ಅವನ ತುಟಿ ಏನೋ ಇಸವಿ ಹೇಳುತ್ತಿತ್ತು. ಆಮೇಲೆ ಸಾಲಾಗಿ, ಯಾರೂ ಹೇಳದಿದ್ದರೂ, ಇಪ್ಪತ್ತೆರಡು ಜನವೂ ಹಿಡಿ ಹಿಡಿ ಹಾಕಿದರು.

"ಅಮ್ಮ, ಛತ್ರಿ ಹಾಕ್ತೀನಿ ಅಂದಿದ್ದೆಯಲ್ಲ" ಎಂದು ಮಗಳು ಪಿಸುಗುಟ್ಟಿದಳು. "ಮುಚ್ಚಿಬಿಡ್ತಾರೆ, ಹಾಕೋದಾದ್ರೆ ಈಗಲೇ."

ಬಾವುಟದಮ್ಮ ಗುಂಡಿ ನೋಡಿದಳು. ಹಿಂದಿದ್ದ ಜನರನ್ನು ನೋಡಿದಳು. ಟೋಪಿಯವನು ಆಗಲೇ ತಪ್ಪು ಗೇಟಿನ ಕಡೆ ಹೊರಟಿದ್ದ.

"ಏ, ಅಲ್ಲಲ್ಲ! ಆ ಕಡೆ ಹೋದ್ರೆ ಕಲ್ಲಿದ್ದಲ ಗೋದಾಮಿಗೆ ಹೋಗ್ತೀರಿ!" ಎಂದು ಗದರಿದಳು. ಮಗಳಿಗೆ ಹೇಳಿದಳು, "ಇವರನ್ನ ಲಂಗರಿನ ತನಕ ಬಿಡಬೇಕಲ್ಲ. ಕತ್ತಲಾದ್ರೆ ಒಬ್ಬೊಬ್ಬರು ಒಂದೊಂದು ಕಡೆ. ಆಮೇಲೆ ಅದಕ್ಕೂ ನನ್ನನ್ನೇ ಕೇಳ್ತಾರೆ."

ಸೇತುವೆ ದಾಟುವಾಗ ಬಿಸಿಲು ಹೋಗಿಯಾಗಿತ್ತು. ದಂಡೆಯ ದೀಪಗಳು ಒಂದೊಂದಾಗಿ ಹತ್ತಿಕೊಳ್ಳುತ್ತಿದ್ದವು. ಬಾವುಟದಮ್ಮ ಎಲ್ಲರ ಮುಂದೆ ನಡೆಯುತ್ತಿದ್ದಳು, ತಲೆಯ ಮೇಲೆ ಛತ್ರಿ ಎತ್ತಿ ಹಿಡಿದು. ಹಿಂದೆ ಖಾಲಿ ಗಾಡಿಯ ಸದ್ದು, ಬೂಟುಗಳ ಸದ್ದು, ಎಲ್ಲಕ್ಕಿಂತ ಹಿಂದೆ ಹಲಗೆಯ ಮೇಲೆ ಕೋಲು ಊರುವ ಸದ್ದು. ಟಕ್. ಟಕ್. ಸೇತುವೆಯ ನಡುವೆ ಆ ಸದ್ದು ಸ್ವಲ್ಪ ದೂರವಾಯಿತು.

ಅವಳು ತಿರುಗಿ ನೋಡಲಿಲ್ಲ. ಹೆಜ್ಜೆ ಸಣ್ಣದು ಮಾಡಿದಳು.